ನಿಂತಾಗ ಮಾತ್ರ ಕಾಣಿಸಿದ ಕಾಯಿಲೆ: ಲಾಂಗ್ ಕೋವಿಡ್ ಜೊತೆ ನನ್ನ ಎರಡು ವರ್ಷ

2023ರ ಜೂನ್ ಕೊನೆಯಲ್ಲಿ ಡಾಕ್ಟರ್ ನನ್ನ ಕೊನೆಯ ಮಾತ್ರೆಯನ್ನೂ ನಿಲ್ಲಿಸಿದರು. ನನಗೆ ಕೊರೊನಾ ಬಂದದ್ದು 2021ರ ಮೇ ತಿಂಗಳಲ್ಲಿ. ಅದು ಹೋದ ಮೇಲೂ ತಿಂಗಳುಗಟ್ಟಲೆ ಉಳಿಯುವ ತೊಂದರೆಗೆ ಲಾಂಗ್ ಕೋವಿಡ್ ಅನ್ನುತ್ತಾರೆ. ಲೆಕ್ಕ ಹಾಕಿದರೆ ಎರಡು ವರ್ಷ ದಾಟಿತು. ಇದರಲ್ಲಿ ಹತ್ತು ತಿಂಗಳು ನನಗೆ ಏನಾಗಿದೆ ಅನ್ನೋದೇ ಯಾರಿಗೂ ಗೊತ್ತಿರಲಿಲ್ಲ. ಆ ಹತ್ತು ತಿಂಗಳನ್ನು ಬೇರೆ ಯಾರೂ ಕಳೆಯಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಅರಸೀಕೆರೆ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಟೀಚರ್. ಆಗ ನನಗೆ 41 ವರ್ಷ. ಬಿಪಿ ಇಲ್ಲ, ಶುಗರ್ ಇಲ್ಲ. ದಿನಾ ಬಸ್ ಇಳಿದು ಶಾಲೆಗೆ ಒಂದೂವರೆ ಕಿಲೋಮೀಟರ್ ನಡೆದು ಹೋಗುತ್ತಿದ್ದೆ.

ಎರಡನೇ ಅಲೆ ಜೋರಾಗಿದ್ದ ದಿನಗಳು ನೆನಪಿವೆ ಅಲ್ವಾ? ಬೆಡ್ ಇಲ್ಲ, ಆಕ್ಸಿಜನ್ ಇಲ್ಲ ಅನ್ನೋ ಸುದ್ದಿಯೇ ಎಲ್ಲ ಕಡೆ. ಯಜಮಾನರಿಗೆ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಕೆಲಸ. ಮೊದಲು ಅವರಿಗೆ ಬಂತು, ಮೂರು ದಿನಕ್ಕೆ ನನಗೂ ಬಂತು. ಐದು ದಿನ ಜ್ವರ, ಮೈಕೈ ನೋವು. ವಾಸನೆ ಪೂರ್ತಿ ಹೋಯಿತು. ಆದರೆ ಸ್ಯಾಚುರೇಶನ್, ಅಂದರೆ ರಕ್ತದ ಆಕ್ಸಿಜನ್ ಮಟ್ಟ, 95ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಆಶಾ ಕಾರ್ಯಕರ್ತೆ ಗೇಟಿನ ಹತ್ತಿರ ಮಾತ್ರೆ ಪೊಟ್ಟಣ ಇಟ್ಟು ಹೋದರು. ಮನೆಯಲ್ಲೇ ವಾಸಿಯಾಯಿತು. ಪಕ್ಕದ ಬೀದಿಯಲ್ಲೇ ಇಬ್ಬರು ತೀರಿಕೊಂಡಿದ್ದರು, ಹಾಗಾಗಿ ನಾವು ದೇವರಿಗೆ ಕೈ ಮುಗಿದು ಬದುಕಿದೆವು ಅಂದುಕೊಂಡೆವು.

ಇಲ್ಲಿ ಒಂದು ಮಾತು. ಆ ಟೆಸ್ಟ್ ರಿಪೋರ್ಟ್ ಮತ್ತು ಎಸ್‌ಆರ್‌ಎಫ್ ಐಡಿ (ಆಗ ಕೊರೊನಾ ಟೆಸ್ಟಿಗೆ ಕೊಡುತ್ತಿದ್ದ ನಂಬರ್) ಬಂದ ಮೆಸೇಜ್ ಇನ್ನೂ ಇದ್ದರೆ ಅಳಿಸಬೇಡಿ. ನನ್ನ ಫೋನ್ ಮಧ್ಯದಲ್ಲಿ ಕೆಟ್ಟಿತು. ಪುಣ್ಯಕ್ಕೆ ಯಜಮಾನರು ಆ ಮೆಸೇಜಿನ ಫೋಟೊ ತೆಗೆದಿಟ್ಟಿದ್ದರು. ಮುಂದೆ ರಜೆ ಕೇಳುವಾಗ, ನಿಮಗೆ ಕೊರೊನಾ ಬಂದಿತ್ತು ಅನ್ನೋದಕ್ಕೆ ದಾಖಲೆ ಎಲ್ಲಿ ಅಂತಲೇ ಮೊದಲು ಕೇಳಿದ್ದು.

ಜೂನ್ ಪೂರ್ತಿ ಸುಸ್ತು. ಎಲ್ಲರಿಗೂ ಇರುತ್ತದೆ, ಎಳನೀರು ಕುಡಿ, ಮೊಟ್ಟೆ ತಿನ್ನು ಅಂದರು. ಅತ್ತೆ ದಿನಾ ರಾಗಿ ಅಂಬಲಿ ಮಾಡಿಕೊಟ್ಟರು. ವಾಸನೆ ವಾಪಸ್ ಬಂತು, ಆದರೆ ಕೆಟ್ಟು ಬಂತು. ಒಗ್ಗರಣೆ ಹಾಕಿದರೆ ರಬ್ಬರ್ ಸುಟ್ಟ ಹಾಗೆ. ಕಾಫಿ ಲೋಟ ಮೂಗಿನ ಹತ್ತಿರ ತಂದರೆ ಹೊಟ್ಟೆ ತೊಳಸುತ್ತಿತ್ತು.

ನಿಜವಾದ ಪೆಟ್ಟು ಬಿದ್ದದ್ದು ಜುಲೈನಲ್ಲಿ. ಆ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಎರಡೇ ದಿನಕ್ಕೆ ಇಳಿಸಿದ್ದರು, ಜುಲೈ 19 ಮತ್ತು 22. ನನಗೆ ಎರಡೂ ದಿನ ಕೊಠಡಿ ಮೇಲ್ವಿಚಾರಣೆ. ಮೂರು ಗಂಟೆ ನಿಂತು, ಓಡಾಡಿ ಬಂದೆ. ಪರೀಕ್ಷೆ ನಡೆಯುವಾಗ ಎದೆ ಡವಡವ ಅಂತಿತ್ತು, ಮಾಸ್ಕ್ ಹಾಕಿದ್ದಕ್ಕೆ ಇರಬೇಕು ಅಂದುಕೊಂಡೆ. 22ರ ರಾತ್ರಿ ಚೆನ್ನಾಗಿಯೇ ಇದ್ದೆ. 23ರ ಸಂಜೆ ಶುರುವಾಯಿತು ನೋಡಿ. ಕೈಕಾಲು ಸೋತು ಹೋದವು. ಗಂಟಲು ನೋವು, ತಲೆಭಾರ, ಬೆಳಕು ಕಂಡರೆ ಆಗದು. ನಾಲ್ಕು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಬಾಚಣಿಗೆ ಎತ್ತಿ ತಲೆ ಬಾಚಿಕೊಳ್ಳೋಕೂ ಕೈ ಬರಲಿಲ್ಲ, ಮಗಳೇ ಜಡೆ ಹಾಕಿದಳು. ಮತ್ತೆ ಕೊರೊನಾ ಅಂತ ಟೆಸ್ಟ್ ಮಾಡಿಸಿದೆವು. ನೆಗೆಟಿವ್.

ಮಾಡಿದ ಕೆಲಸಕ್ಕೆ ಒಂದು ದಿನ, ಎರಡು ದಿನ ತಡವಾಗಿ ಬೀಳುವ ಈ ಪೆಟ್ಟು ಲಾಂಗ್ ಕೋವಿಡ್‌ನ ದೊಡ್ಡ ಗುರುತು ಅಂತ ನನಗೆ ಆಗ ಗೊತ್ತಿರಲಿಲ್ಲ. ತಡವಾಗಿ ಬೀಳೋದರಿಂದಲೇ ಯಾವುದಕ್ಕೆ ಹೀಗಾಯಿತು ಅಂತ ಹೊಳೆಯುವುದಿಲ್ಲ. ನಿನ್ನೆ ತಿಂದದ್ದು ಏನು ಅಂತ ಯೋಚಿಸುತ್ತೇವೆ, ಮೊನ್ನೆ ಎಷ್ಟು ಓಡಾಡಿದೆವು ಅಂತ ಯೋಚಿಸುವುದಿಲ್ಲ.

ಆಗಸ್ಟ್ 23ಕ್ಕೆ 9 ಮತ್ತು 10ನೇ ತರಗತಿ ಮತ್ತೆ ತೆರೆದವು. ಅದೇ ತಿಂಗಳು ಕೂದಲು ಹಿಡಿಹಿಡಿಯಾಗಿ ಉದುರಿತು. ದೊಡ್ಡ ಜ್ವರ ಬಂದು ಎರಡು ಮೂರು ತಿಂಗಳಿಗೆ ಹೀಗೆ ಉದುರೋದು, ಮತ್ತೆ ಬರೋದು ಸಾಮಾನ್ಯ. ನನಗೂ ಬಂತು, ಇದಕ್ಕೆ ಹೆದರಿ ದುಬಾರಿ ಎಣ್ಣೆ ಕೊಳ್ಳಬೇಡಿ. ಹೆದರಿಕೆ ಆಗಿದ್ದು ಬೇರೆಯದಕ್ಕೆ.

ಸೆಪ್ಟೆಂಬರಿನ ಒಂದು ದಿನ ಹತ್ತನೇ ತರಗತಿಗೆ ಪೈಥಾಗೊರಸ್ ಪ್ರಮೇಯ ಸಾಧಿಸಿ ತೋರಿಸುತ್ತಿದ್ದೆ. ಹದಿನಾರು ವರ್ಷ ಹೇಳಿಕೊಟ್ಟ ಪಾಠ. ಲಂಬಕೋನ ತ್ರಿಭುಜ ಬರೆದೆ. ಶೃಂಗದಿಂದ ವಿಕರ್ಣಕ್ಕೆ ಲಂಬ ಎಳೆದೆ. ಮೊದಲ ಜೋಡಿ ತ್ರಿಭುಜ ಸಮರೂಪ ಅಂತ ಬರೆದು, ಅನುಪಾತ ಬರೆದು, ಅಡ್ಡ ಗುಣಾಕಾರವನ್ನೂ ಮುಗಿಸಿದೆ. ಇನ್ನು ಎರಡನೇ ಜೋಡಿ. ಯಾವುದು ಎರಡನೇ ಜೋಡಿ? ಚಿತ್ರ ಕಣ್ಣ ಮುಂದೆಯೇ ಇದೆ. ಗೆರೆಗಳು ಕಾಣುತ್ತಿವೆ. ಆದರೆ ಅದರಲ್ಲಿ ತ್ರಿಭುಜ ಕಾಣುತ್ತಿಲ್ಲ. ಸೀಮೆಸುಣ್ಣ ಹಿಡಿದ ಕೈ ಬೋರ್ಡಿನ ಮೇಲೇ ನಿಂತುಬಿಟ್ಟಿತು. ಎದೆ ಬಡಿತ ಕಿವಿಯಲ್ಲಿ ಕೇಳಿಸುತ್ತಿತ್ತು. ಮುಂದಿನ ಬೆಂಚಿನ ಹುಡುಗಿ ಮೆಲ್ಲಗೆ ಹೇಳಿಕೊಟ್ಟಳು. ನಾನು ಕುರ್ಚಿಯಲ್ಲಿ ಕೂತೆ. ಎರಡು ನಿಮಿಷಕ್ಕೆ ಎಲ್ಲ ನೆನಪಾಯಿತು.

ಕೂತ ಮೇಲೆ ನೆನಪಾಯಿತು. ಈ ಒಂದು ವಿಷಯವನ್ನು ನಾನು ಆಗಲೇ ಹಿಡಿದುಕೊಂಡಿದ್ದರೆ ಆರು ತಿಂಗಳು ಉಳಿಯುತ್ತಿತ್ತು.

ಅಲ್ಲಿಂದ ಆಸ್ಪತ್ರೆ ಅಲೆದಾಟ. ನಮ್ಮೂರಿನ ಡಾಕ್ಟರ್ ರಕ್ತ ಪರೀಕ್ಷೆ, ಥೈರಾಯ್ಡ್, ಶುಗರ್, ಬಿ12 ಮಾಡಿಸಿದರು. ಬಿ12 ಸ್ವಲ್ಪ ಕಡಿಮೆ ಇತ್ತು, ಇಂಜೆಕ್ಷನ್ ತಗೊಂಡೆ. ಪಾದದ ಜೋಮು ಕಡಿಮೆಯಾಯಿತು, ಸುಸ್ತು ಹಾಗೇ ಉಳಿಯಿತು. ಹಾಸನದಲ್ಲಿ ಒಬ್ಬ ಫಿಸಿಶಿಯನ್ ಇಸಿಜಿ, ಹೃದಯದ ಸ್ಕ್ಯಾನ್ ಆದ ಎಕೋ, ರಕ್ತ ಹೆಪ್ಪುಗಟ್ಟಿದೆಯಾ ಅಂತ ನೋಡುವ ಡಿ-ಡೈಮರ್, ಎದೆಯ ಸಿಟಿ ಸ್ಕ್ಯಾನ್ ಬರೆದುಕೊಟ್ಟರು. ಸಿಟಿಗೆ 2,500, ಎಕೋಗೆ 1,800, ರಕ್ತಕ್ಕೆ ಎಲ್ಲ ಸೇರಿ 4,000 ಚಿಲ್ಲರೆ. ನಮ್ಮ ವಿಮೆಯಲ್ಲಿ ಆಗ ಅಡ್ಮಿಟ್ ಆದರೆ ಮಾತ್ರ ಹಣ, ಹೊರರೋಗಿ ಖರ್ಚಿಗೆ ಒಂದು ರೂಪಾಯಿಯೂ ಬರುತ್ತಿರಲಿಲ್ಲ. ಎಲ್ಲ ರಿಪೋರ್ಟೂ ನಾರ್ಮಲ್.

ನಾರ್ಮಲ್ ಅಂದಾಗ ಮನೆಯವರಿಗೆ ಸಂತೋಷ. ನನಗೆ ಅಳು ಬಂತು. ನಾರ್ಮಲ್ ಆದರೆ ನಾನು ಯಾಕೆ ಬಟ್ಟೆ ಒಣಹಾಕೋಕೆ ಆಗದೆ ಅರ್ಧಕ್ಕೆ ಮೆಟ್ಟಿಲ ಮೇಲೆ ಕೂತುಕೊಳ್ಳುತ್ತಿದ್ದೇನೆ? ಡಾಕ್ಟರ್ ಒಳ್ಳೆಯವರೇ, ದನಿ ಏರಿಸಲಿಲ್ಲ. "ಟೆನ್ಷನ್ ಜಾಸ್ತಿ ಮಾಡ್ಕೊಂಡಿದ್ದೀರಿ ಅಮ್ಮ, ದಿನಾ 45 ನಿಮಿಷ ಬಿರುಸಾಗಿ ನಡೀರಿ" ಅಂತ ಹೇಳಿ, ಆತಂಕಕ್ಕೆ ಒಂದು ಮಾತ್ರೆ ಬರೆದರು. ನಾನು ಶ್ರದ್ಧೆಯಿಂದ ನಡೆದೆ. ಮೂರನೇ ದಿನಕ್ಕೆ ಮಲಗಿದೆ. ಸೋಮಾರಿತನ ಅಂತ ನನ್ನನ್ನು ನಾನೇ ಬೈದುಕೊಂಡು ಮತ್ತೆ ನಡೆದೆ. ಈ ಸಲ ಎಂಟು ದಿನ ಏಳಲಿಲ್ಲ.

ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಶ್ರಮ ಪಟ್ಟ ಮರುದಿನವೋ ಅದರ ಮರುದಿನವೋ ನಿಮಗೆ ಈ ತರಹ ಪೆಟ್ಟು ಬೀಳುತ್ತಿದ್ದರೆ ಹಟಕ್ಕೆ ಬಿದ್ದು ವ್ಯಾಯಾಮ ಮಾಡಬೇಡಿ. ಜ್ವರದಿಂದ ಎದ್ದವರು ದಿನಾ ಸ್ವಲ್ಪ ಜಾಸ್ತಿ ನಡೆದು ಗಟ್ಟಿಯಾಗುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇಂಥದೇ ಪೆಟ್ಟು ಬೀಳುವ ಎಂಇ ಅನ್ನುವ ಹಳೆಯ ಕಾಯಿಲೆ ಒಂದಿದೆ. ಅದಕ್ಕೆ ಹಂತಹಂತವಾಗಿ ವ್ಯಾಯಾಮ ಏರಿಸುವ ಚಿಕಿತ್ಸೆ ಕೊಡಬೇಡಿ ಅಂತ ಡಾಕ್ಟರುಗಳಿಗೆ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಅಕ್ಟೋಬರಿನಲ್ಲೇ ಹೇಳಿತು. ನಾನು ನಡೆದು ನಡೆದು ಮಲಗಿದ್ದೂ ಅದೇ ತಿಂಗಳು.

ನವೆಂಬರಿನಲ್ಲಿ ರಜೆಗೆ ಬರೆದೆ. ಸರ್ಕಾರಿ ನೌಕರರಿಗೆ ಉಪಯೋಗ ಆಗಬಹುದು, ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮಗೆ ವರ್ಷಕ್ಕೆ 20 ದಿನ ಅರ್ಧ ವೇತನ ರಜೆ ಸೇರುತ್ತಾ ಹೋಗುತ್ತದೆ. ವೈದ್ಯಕೀಯ ಪ್ರಮಾಣಪತ್ರ ಕೊಟ್ಟರೆ ಅದನ್ನು ಪೂರ್ತಿ ಸಂಬಳದ ಪರಿವರ್ತಿತ ರಜೆ ಮಾಡಿಕೊಳ್ಳಬಹುದು, ಆದರೆ ಒಂದು ದಿನಕ್ಕೆ ಎರಡು ದಿನ ಖರ್ಚಾಗುತ್ತದೆ. ನಾನು 45 ದಿನ ಕೇಳಿದೆ, ಖಾತೆಯಿಂದ 90 ದಿನ ಹೋಯಿತು. ಅಷ್ಟು ಸುಲಭವಾಗಿ ಹೋಗಲಿಲ್ಲ ಅನ್ನಿ. ಡಾಕ್ಟರ್ ಪ್ರಮಾಣಪತ್ರದಲ್ಲಿ ಬರೀ 'ಆಯಾಸ' ಅಂತ ಬರೆದಿದ್ದರು. ಕಚೇರಿಯಿಂದ ಅರ್ಜಿ ವಾಪಸ್ ಬಂತು. ಆಯಾಸಕ್ಕೆ 45 ದಿನ ಯಾರು ಕೊಡುತ್ತಾರೆ ಅಂತ ಅಲ್ಲಿನವರು ಫೋನಿನಲ್ಲಿ ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಸ್ಟಾಫ್ ರೂಮಿನಲ್ಲೂ ಮಾತು ಹಬ್ಬಿತು. ನೋಡೋಕೆ ಚೆನ್ನಾಗೇ ಇದ್ದಾರಲ್ಲ ಅಂತ. ಆ ಮಾತು ಸಿಟಿ ಸ್ಕ್ಯಾನ್ ಖರ್ಚಿಗಿಂತ ಜಾಸ್ತಿ ನೋಯಿಸಿತು.

ಈ ಗಂಟು ಬಿಡಿಸಿದ್ದು ನನ್ನ ತಂಗಿ ಮಗ. ಅವನು ಫಾರ್ಮಸಿ ಓದುತ್ತಿದ್ದ. ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರಿನಲ್ಲಿ ಈ ಕಾಯಿಲೆಗೆ ಒಂದು ವ್ಯಾಖ್ಯೆ ಕೊಟ್ಟಿದೆ ಅಂತ ಪ್ರಿಂಟ್ ತೆಗೆದು ತಂದುಕೊಟ್ಟ. ಕೊರೊನಾ ಶುರುವಾಗಿ ಸಾಮಾನ್ಯವಾಗಿ 3 ತಿಂಗಳ ಹೊತ್ತಿಗೆ ತೊಂದರೆ ಇರಬೇಕು, ಅದು ಕನಿಷ್ಠ 2 ತಿಂಗಳು ನಡೆದಿರಬೇಕು, ಬೇರೆ ಕಾಯಿಲೆಯಿಂದ ಅದು ಬಂದಿರಬಾರದು. ಸುಸ್ತು, ಉಸಿರಾಟದ ತೊಂದರೆ, ಮನಸ್ಸಿನ ಮಂಕು, ಇವು ಮುಖ್ಯ ಲಕ್ಷಣಗಳು. ಓದುತ್ತಾ ಓದುತ್ತಾ ಕೈ ನಡುಗಿತು. ಇದು ನಾನೇ ಅಲ್ವಾ! ಲಾಂಗ್ ಕೋವಿಡ್ ಅನ್ನುವ ಹೆಸರನ್ನು ಮೊದಲು ಬಳಸಿದ್ದು ಡಾಕ್ಟರಲ್ಲ, ಎಲಿಸಾ ಪೆರೆಗೊ ಅನ್ನುವ ಇಟಲಿಯ ಪುರಾತತ್ವ ಸಂಶೋಧಕಿ, 2020ರ ಮೇನಲ್ಲಿ, ಟ್ವಿಟರಿನಲ್ಲಿ. ಆಕೆಯೂ ನಮ್ಮ ಹಾಗೆ ವಾಸಿಯಾಗದೆ ಉಳಿದವಳೇ. ರೋಗಿಗಳೇ ಕೂಗಿ ಕೂಗಿ ಕಾಯಿಲೆಗೆ ಹೆಸರು ಕೊಡಿಸಿದರು ಅಂತ ತಿಳಿದಾಗ ನನಗೆ ಎಷ್ಟೋ ಧೈರ್ಯ ಬಂತು.

ಆ ಹಾಳೆ ಹಿಡಿದು ನಮ್ಮೂರ ಡಾಕ್ಟರ ಹತ್ತಿರ ಹೋದೆ. ಅವರು ತಾಳ್ಮೆಯಿಂದ ಓದಿ, ಹೊಸ ಪ್ರಮಾಣಪತ್ರದಲ್ಲಿ 'ಕೋವಿಡ್ ನಂತರದ ಸ್ಥಿತಿ' ಅಂತ ಬರೆದು ಪಕ್ಕದಲ್ಲಿ ಯು09.9 ಅನ್ನುವ ರೋಗಸಂಕೇತ ಹಾಕಿದರು. ಇಂತಿಷ್ಟು ತಾರೀಕಿನಿಂದ ಇಂತಿಷ್ಟು ತಾರೀಕಿನವರೆಗೆ ವಿಶ್ರಾಂತಿ ಅಂತಲೂ ಸೇರಿಸಿದರು. ಅರ್ಜಿ ಪಾಸಾಯಿತು. ರಜೆಗೆ ಬರೆಯುವವರು ಕಾಯಿಲೆಯ ಹೆಸರು, ಸಂಕೇತ, ತಾರೀಕು ಮೂರೂ ಇವೆಯಾ ನೋಡಿಕೊಳ್ಳಿ. ವಾಪಸ್ ಹಾಜರಾಗುವ ದಿನ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು, ಅದನ್ನು ಹಿಂದಿನ ದಿನವೇ ಮಾಡಿಸಿಟ್ಟುಕೊಳ್ಳಿ.

ಹೆಸರು ಸಿಕ್ಕಿತು, ಔಷಧಿ ಸಿಗಲಿಲ್ಲ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಜನವರಿಗೆ ಅಪಾಯಿಂಟ್‌ಮೆಂಟ್ ಸಿಕ್ಕಿತ್ತು. ಅಷ್ಟರಲ್ಲಿ ಮೂರನೇ ಅಲೆ, ವಾರಾಂತ್ಯದ ಕರ್ಫ್ಯೂ. ಅವರು ಮುಂದಕ್ಕೆ ಹಾಕಿದರು. ಮತ್ತೆ ಮಾರ್ಚ್‌ವರೆಗೆ ಕಾದೆ.

ಮಾರ್ಚ್‌ನಲ್ಲಿ ಬೆಳಗಿನ ರೈಲಿಗೆ ಹೊರಟೆವು. ಅರಸೀಕೆರೆಯಿಂದ ಬೆಂಗಳೂರಿಗೆ ಮೂರು ಗಂಟೆ. ಆಸ್ಪತ್ರೆಯಲ್ಲಿ ಮತ್ತೆ ನಾಲ್ಕು ಗಂಟೆ ಕಾಯಬೇಕಾಯಿತು. ಕುರ್ಚಿ ಸಿಕ್ಕದೆ ನೆಲದ ಮೇಲೆ ಗೋಡೆಗೆ ಒರಗಿ ಕೂತೆ. ಒಳಗೆ ಹೋದಾಗ ಡಾಕ್ಟರಮ್ಮ ನನ್ನ ರಿಪೋರ್ಟ್ ಕಟ್ಟು ತಿರುವಿ, "ಇವೆಲ್ಲ ಮಲಗಿಸಿ ಇಲ್ಲ ಕೂರಿಸಿ ಮಾಡಿದ್ದು. ನಿಲ್ಲಿಸಿ ಯಾರಾದರೂ ನೋಡಿದ್ದಾರಾ?" ಅಂತ ಕೇಳಿದರು.

ಯಾರೂ ನೋಡಿರಲಿಲ್ಲ. ಇಸಿಜಿ ಮಲಗಿಸಿ ತೆಗೆಯುತ್ತಾರೆ. ಎಕೋ ಮಲಗಿಸಿ. ಸಿಟಿ ಮಲಗಿಸಿ. ಬಿಪಿ ಕೂರಿಸಿ. ನನ್ನ ತೊಂದರೆ ಇದ್ದದ್ದೆಲ್ಲ ನಿಂತಾಗ.

ಹತ್ತು ನಿಮಿಷ ಮಂಚದ ಮೇಲೆ ಮಲಗಿಸಿದರು. ನಾಡಿ 76. ಆಮೇಲೆ ಎಬ್ಬಿಸಿ, ಗೋಡೆಯಿಂದ ಅರ್ಧ ಅಡಿ ಮುಂದೆ ಪಾದ ಇಟ್ಟು ಭುಜ ಮಾತ್ರ ಗೋಡೆಗೆ ಒರಗಿಸಿ ನಿಲ್ಲಿಸಿದರು. ಮಾತಾಡಬೇಡಿ, ಕಾಲು ಅಲ್ಲಾಡಿಸಬೇಡಿ ಅಂದರು. ನರ್ಸ್ ನಿಮಿಷಕ್ಕೊಮ್ಮೆ ಬರೆದುಕೊಂಡರು. ಎರಡನೇ ನಿಮಿಷಕ್ಕೆ 99. ಐದಕ್ಕೆ 112. ಎಂಟಕ್ಕೆ 118. ನನ್ನ ಕಾಲಿನ ಬೆರಳುಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು, ಅದನ್ನು ನಾನು ಅವತ್ತೇ ಮೊದಲ ಸಲ ಗಮನಿಸಿದ್ದು. ಹತ್ತು ನಿಮಿಷಕ್ಕೆ 121. ಬಿಪಿ ಮಾತ್ರ ಇಳಿದಿರಲಿಲ್ಲ.

ಇದಕ್ಕೆ ಪಾಟ್ಸ್ ಅನ್ನುತ್ತಾರೆ. ನಿಂತಾಗ ರಕ್ತ ಕಾಲಿಗೆ ಇಳಿಯುತ್ತದೆ. ಆರೋಗ್ಯವಂತರಲ್ಲಿ ನರಗಳು ತಾವಾಗಿಯೇ ರಕ್ತನಾಳಗಳನ್ನು ಬಿಗಿ ಮಾಡಿ ಅದನ್ನು ಮೇಲಕ್ಕೆ ಕಳಿಸುತ್ತವೆ. ಆ ನರಗಳ ಲೆಕ್ಕ ತಪ್ಪಿದರೆ ಹೃದಯ ಓಡಿ ಓಡಿ ಸರಿಮಾಡೋಕೆ ನೋಡುತ್ತದೆ. ತಲೆಗೆ ರಕ್ತ ಸಾಲದೆ ಮಂಕು ಕವಿಯುತ್ತದೆ. ದೊಡ್ಡವರಲ್ಲಿ ನಿಂತ 10 ನಿಮಿಷದೊಳಗೆ ನಾಡಿ 30 ಅಥವಾ ಜಾಸ್ತಿ ಏರಿ, ಹಾಗೇ ಉಳಿದು, ಬಿಪಿ ಬೀಳದೆ ಇದ್ದರೆ, ತೊಂದರೆ ತಿಂಗಳುಗಟ್ಟಲೆ ನಡೆದಿದ್ದರೆ ಪಾಟ್ಸ್ ಇರಬಹುದು ಅಂತ ಲೆಕ್ಕ. ನನ್ನದು 45 ಏರಿತ್ತು. ಬೋರ್ಡಿನ ಮುಂದೆ ತ್ರಿಭುಜ ಕಾಣದೆ ಹೋದದ್ದು, ಕುರ್ಚಿಯಲ್ಲಿ ಕೂತ ಕೂಡಲೇ ಕಂಡದ್ದು ಯಾಕೆ ಅಂತ ಅರ್ಥವಾಯಿತು. ನನ್ನ ಬುದ್ಧಿ ಎಲ್ಲೂ ಹೋಗಿರಲಿಲ್ಲ. ಡಾಕ್ಟರಮ್ಮನ ಎದುರಿಗೇ ಅತ್ತುಬಿಟ್ಟೆ. ಅವರು ನೀರು ಕೊಟ್ಟು, ಸುಮ್ನೆ ಅಳಲಿ ಅಂತ ಎರಡು ನಿಮಿಷ ಬಿಟ್ಟರು.

ಲಾಂಗ್ ಕೋವಿಡ್ ಅಂದರೆ ಎಲ್ಲರಿಗೂ ಪಾಟ್ಸ್ ಅಂತ ತಿಳಿಯಬೇಡಿ. ಅದು ಒಂದೇ ಕಾಯಿಲೆಯಲ್ಲ, ಒಂದು ಗುಂಪು. ಐಸಿಯುನಲ್ಲಿದ್ದು ಬಂದ ನನ್ನ ಸೋದರಮಾವನಿಗೆ ಶ್ವಾಸಕೋಶದಲ್ಲೇ ಕಲೆ ಉಳಿದಿತ್ತು, ಅವರ ಚಿಕಿತ್ಸೆಯೇ ಬೇರೆ. ಯಾಕೆ ಹೀಗಾಗುತ್ತದೆ ಅನ್ನೋದಕ್ಕೆ ವಿಜ್ಞಾನಿಗಳು ಹಲವು ದಾರಿ ಹುಡುಕುತ್ತಿದ್ದಾರೆ. ವೈರಸ್ಸಿನ ಚೂರುಗಳು ಮೈಯಲ್ಲೇ ಉಳಿಯುವುದು, ರೋಗನಿರೋಧಕ ವ್ಯವಸ್ಥೆ ಶಾಂತವಾಗದೆ ಇರುವುದು, ರಕ್ತದಲ್ಲಿ ತೀರಾ ಸಣ್ಣ ಹೆಪ್ಪುಗಳು, ನರಗಳ ಏರುಪೇರು. ಇದೇ ಲಾಂಗ್ ಕೋವಿಡ್ ಅಂತ ತೋರಿಸುವ ಒಂದು ರಕ್ತ ಪರೀಕ್ಷೆ ಇಲ್ಲ. ಅಂಥ ಪರೀಕ್ಷೆ ಇದೆ, 12,000 ಕೊಡಿ ಅಂತ ಒಂದು ಲ್ಯಾಬಿನವರು ನನಗೂ ಹೇಳಿದ್ದರು. ಕೊಡಲಿಲ್ಲ, ನೀವೂ ಕೊಡಬೇಡಿ.

ಚಿಕಿತ್ಸೆ ಅಂದರೆ ದೊಡ್ಡದೇನೂ ಇರಲಿಲ್ಲ. ದಿನಕ್ಕೆ ಮೂರು ಲೀಟರ್ ನೀರು. ಊಟದಲ್ಲಿ ಉಪ್ಪು ಜಾಸ್ತಿ. ಬಿಪಿ, ಕಿಡ್ನಿ, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಇದನ್ನು ಮಾಡಲೇಬಾರದು. ತೊಡೆವರೆಗಿನ ಬಿಗಿ ಸಾಕ್ಸ್, ಒಂದು ಜೋಡಿಗೆ ಆಗ 1,900 ರೂಪಾಯಿ. ನಾಡಿ ಇಳಿಸೋಕೆ ಕಡಿಮೆ ಪ್ರಮಾಣದ ಪ್ರೊಪ್ರನೊಲೋಲ್, ತಿಂಗಳಿಗೆ ನೂರು ರೂಪಾಯಿಯೂ ಆಗುತ್ತಿರಲಿಲ್ಲ. ಹತ್ತು ತಿಂಗಳಲ್ಲಿ ಹತ್ತಿರಹತ್ತಿರ 38,000 ಖರ್ಚು ಮಾಡಿ ಕೊನೆಗೆ ಸಿಕ್ಕ ಔಷಧಿ ಇದು.

ಎಲ್ಲಕ್ಕಿಂತ ಕಷ್ಟವಾದದ್ದು ಶಕ್ತಿಯನ್ನು ಅಳತೆ ಮಾಡಿ ಖರ್ಚು ಮಾಡುವುದು. ಸುಸ್ತಾದ ಮೇಲೆ ಕೂರುವುದಲ್ಲ, ಸುಸ್ತಾಗುವ ಮೊದಲೇ ಕೂರುವುದು. 96 ಪುಟದ ಒಂದು ನೋಟ್‌ಬುಕ್ಕಿನಲ್ಲಿ ದಿನಾ ಬರೆದೆ: ಬೆಳಗಿನ ನಾಡಿ, ಮಾಡಿದ ಕೆಲಸ, ನಿಂತ ಹೊತ್ತು, ಮರುದಿನ ಹೇಗಿತ್ತು, ಅದರ ಮರುದಿನ ಹೇಗಿತ್ತು. ಮೂರು ವಾರಕ್ಕೆ ಚಿತ್ರ ಸ್ಪಷ್ಟವಾಯಿತು. ಒಂದೇ ದಿನ ತಲೆಸ್ನಾನ ಮತ್ತು ಅಡುಗೆ ಎರಡೂ ಮಾಡಿದರೆ ಮೂರನೇ ದಿನ ಬೀಳುತ್ತಿದ್ದೆ. ಬಚ್ಚಲಿಗೆ ಸ್ಟೂಲ್ ಬಂತು, ಅಡುಗೆಮನೆಗೆ ಎತ್ತರದ ಕುರ್ಚಿ ಬಂತು. ತರಕಾರಿ ಹೆಚ್ಚುವುದು, ಚಪಾತಿ ಲಟ್ಟಿಸುವುದು ಎಲ್ಲ ಕೂತು. ಅತ್ತೆಗೆ ಮೊದಲು ಸರಿ ಕಾಣಲಿಲ್ಲ. ಒಂದು ಸಂಜೆ ಆಕ್ಸಿಮೀಟರ್ ಹಾಕಿಕೊಂಡು ಅವರ ಮುಂದೆಯೇ ಎದ್ದು ನಿಂತೆ. ನಾಡಿ 80ರಿಂದ 120ಕ್ಕೆ ಹತ್ತುವುದನ್ನು ಅವರು ಕಣ್ಣಾರೆ ನೋಡಿದರು. ಮರುದಿನದಿಂದ ಕುರ್ಚಿ ಎಳೆದು ಕೊಡುತ್ತಿದ್ದವರು ಅವರೇ. ಎರಡನೇ ಅಲೆಯಲ್ಲಿ ಎಲ್ಲರೂ ಕೊಂಡ ಆ ಪುಟ್ಟ ಮೆಷಿನ್ ನಿಮ್ಮ ಮನೆಯ ಬೀರುವಿನಲ್ಲೂ ಇರಬಹುದು. ಅದರಲ್ಲಿ ಆಕ್ಸಿಜನ್ ಅಷ್ಟೇ ಅಲ್ಲ, ನಾಡಿಯೂ ಬರುತ್ತದೆ.

ಕೆಟ್ಟುಹೋದ ವಾಸನೆ ಸರಿಹೋಗಲಿ ಅಂತ ನಿಂಬೆ, ಲವಂಗ, ನೀಲಗಿರಿ ಎಣ್ಣೆ, ಗುಲಾಬಿ, ಒಂದೊಂದನ್ನೂ ಇಪ್ಪತ್ತು ಸೆಕೆಂಡು, ದಿನಕ್ಕೆ ಎರಡು ಸಲ ಮೂಸಿದೆ. ಐದು ತಿಂಗಳು ಹಿಡಿಯಿತು. ಕಾಫಿ ಕಾಫಿಯಾಯಿತು.

ಶಾಲೆಯಲ್ಲಿ ಮುಖ್ಯ ಶಿಕ್ಷಕರಿಗೆ ನೋಟ್‌ಬುಕ್ ತೋರಿಸಿದೆ. ಸತತ ಎರಡು ಪೀರಿಯಡ್ ಬೇಡ, ಪಾಠ ಕೂತು ಮಾಡುತ್ತೇನೆ ಅಂತ ಕೇಳಿದೆ. ಒಪ್ಪಿದರು. ಮಕ್ಕಳೇ ಬೋರ್ಡಿನಲ್ಲಿ ಬರೆದರು, ನಾನು ಕೂತು ಹೇಳಿದೆ. ಸುಧಾರಣೆ ಒಂದೇ ಸಮ ಬರಲಿಲ್ಲ. 2022ರ ದಸರಾ ರಜೆಯಲ್ಲಿ ಚೆನ್ನಾಗಿದ್ದೇನೆ ಅಂತ ಮೂರು ದಿನ ನೆಂಟರ ಮನೆ ಸುತ್ತಿ ಎರಡು ವಾರ ಮಲಗಿದೆ. ಅವತ್ತು ಬಹಳ ಕುಗ್ಗಿದ್ದೆ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್‌ನ ಜಾಗತಿಕ ತುರ್ತು ಪರಿಸ್ಥಿತಿ ಮುಗಿಯಿತು ಅಂತ ಹೇಳಿದ ವಾರ, ನಿಂತ ಹತ್ತು ನಿಮಿಷಕ್ಕೆ ನನ್ನ ನಾಡಿ ಏರಿದ್ದು 19. ಡಾಕ್ಟರಮ್ಮ ಮಾತ್ರೆಯನ್ನು ನಿಧಾನವಾಗಿ ಇಳಿಸುತ್ತಾ ಬಂದರು. ಈಗ ಪೂರ್ತಿ ಟೈಮ್‌ಟೇಬಲ್ ತಗೊಂಡಿದ್ದೇನೆ. ಬಸ್ ಸ್ಟಾಪಿನಿಂದ ಶಾಲೆಗೆ ಮಾತ್ರ ಇನ್ನೂ ಆಟೋ. ಎಲ್ಲರಿಗೂ ಇಷ್ಟು ವಾಸಿಯಾಗುವುದಿಲ್ಲ ಅಂತ ನನಗೆ ಗೊತ್ತು. ಆಸ್ಪತ್ರೆಯಲ್ಲಿ ನನ್ನ ಜೊತೆ ಕಾಯುತ್ತಿದ್ದ ಇಬ್ಬರು ಇನ್ನೂ ಕೆಲಸಕ್ಕೆ ಮರಳಿಲ್ಲ.

ಹೋದ ವಾರ ಸಹೋದ್ಯೋಗಿಯೊಬ್ಬರು ತಂಗಿಯನ್ನು ಮನೆಗೆ ಕರೆದುಕೊಂಡು ಬಂದಿದ್ದರು. ಕೊರೊನಾ ಆದಾಗಿನಿಂದ ಸುಸ್ತು, ಎದೆ ಬಡಿತ, ನನ್ನ ಹಾಗೆಯೇ ಅಂದರು. ಮಂಚದ ಮೇಲೆ ಮಲಗಿಸಿ, ಬೀಳದ ಹಾಗೆ ಪಕ್ಕದಲ್ಲಿ ಅವಳ ಅಕ್ಕನನ್ನು ನಿಲ್ಲಿಸಿಕೊಂಡು, ಹತ್ತು ನಿಮಿಷ ಗೋಡೆಗೆ ಒರಗಿಸಿ ನಾಡಿ ಬರೆದೆ. ಮಲಗಿದ್ದಾಗಲೇ 98 ಇತ್ತು. ನಿಂತರೆ 110, ಅಷ್ಟೇ. ಇದು ನನ್ನ ಲೆಕ್ಕಕ್ಕೆ ಕೂರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದ್ದೀರಾ ಅಂದರೆ ಇಲ್ಲ, ಎಲ್ಲರೂ ಕೊರೊನಾ ಸುಸ್ತು ಅಂದರು, ಸುಮ್ಮನಾದೆವು ಅಂದರು. ಮರುದಿನ ಮಾಡಿಸಿದರು. ಹಿಮೋಗ್ಲೋಬಿನ್ ಬರೀ 7.8, ಅಂದರೆ ರಕ್ತಹೀನತೆ. ಈಗ ಕಬ್ಬಿಣದ ಮಾತ್ರೆ ಶುರು ಮಾಡಿದ್ದಾಳೆ, ಮುಂದಿನ ತಿಂಗಳು ಮತ್ತೆ ಪರೀಕ್ಷೆ ಇದೆ.